ಹಳೆಯ ಕಾರುಗಳ ಎಂಜಿನ್ ಸೆನ್ಸರ್‌ಗಳು: ದೋಷಪತ್ತೆ ಮತ್ತು ಬದಲಾವಣೆ

ಎಂಜಿನ್ನಿನ ಉಷ್ಣತೆ, ಅದು ಒಳಗೆಳೆದುಕೊಳ್ಳುವ ಗಾಳಿ, ಕ್ರ್ಯಾಂಕ್ ದಂಡ ತಿರುಗುವ ವೇಗ, ಹೊಗೆಯಲ್ಲಿ ಉಳಿದ ಆಮ್ಲಜನಕ ಇವೇ ಮೊದಲಾದವನ್ನು ಅಳೆದು, ಆ ಅಳತೆಯನ್ನು ವಿದ್ಯುತ್ ಸಂಕೇತವಾಗಿ ಇಸಿಯು ಎಂಬ ನಿಯಂತ್ರಣ ಗಣಕಕ್ಕೆ ಮುಟ್ಟಿಸುವ ಸಾಧನಗಳೇ ಎಂಜಿನ್ ಸೆನ್ಸರ್‌ಗಳು. ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂಬುದನ್ನು ಇಸಿಯು ಈ ವರದಿಗಳನ್ನು ನಂಬಿಯೇ ತೀರ್ಮಾನಿಸುತ್ತದೆ. ವರದಿ ಸುಳ್ಳಾದರೆ ಗಟ್ಟಿಮುಟ್ಟಾದ ಎಂಜಿನ್ ಕೂಡ ಮಿಸ್ಸಿಂಗ್ ಹೊಡೆಯುತ್ತದೆ, ಪಿಕಪ್ ಕಳೆದುಕೊಳ್ಳುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಆಫ್ ಆಗುತ್ತದೆ. ಹತ್ತು ಹದಿನೈದು ವರ್ಷ ದಾಟಿದ ಕಾರಿನಲ್ಲಿ ಸೆನ್ಸರ್ ಕೆಟ್ಟು ಹೀಗಾಗುವುದುಂಟು. ಆದರೆ ಸೆನ್ಸರಿಗೆ ಹೋಗುವ ತಂತಿ, ಸಡಿಲಗೊಂಡ ಕಪ್ಲರ್, ತುಕ್ಕು ಹಿಡಿದ ಅರ್ಥ್, ಸೀಳಿದ ರಬ್ಬರ್ ಹೋಸ್‌ಗಳಿಂದ ಹೀಗಾಗುವುದೂ ಕಡಿಮೆಯೇನಲ್ಲ. ಇವುಗಳಲ್ಲಿ ಯಾವುದು ಎಂದು ಬೇರ್ಪಡಿಸಿ ನೋಡುವುದೇ ದೋಷಪತ್ತೆಯ ಮುಖ್ಯ ಕೆಲಸ. ಸೆನ್ಸರ್ ಬಿಚ್ಚಿ ಹಾಕುವುದು ಅದರ ಮುಂದೆ ಸುಲಭ. ಭಾರತದಲ್ಲಿ 1990ರ ದಶಕದ ಕೊನೆಯಿಂದ 2010ರ ದಶಕದ ಮೊದಲ ವರ್ಷಗಳವರೆಗೆ ಮಾರಾಟವಾದ ಪೆಟ್ರೋಲ್ ಕಾರುಗಳೇ ಈ ಲೇಖನದ ವಸ್ತು.

ಹಿನ್ನೆಲೆ

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಗಾಳಿ ಮತ್ತು ಪೆಟ್ರೋಲಿನ ಹದವನ್ನು ಜೆಟ್, ಫ್ಲೋಟ್, ಚೋಕ್‌ಗಳು ನೋಡಿಕೊಳ್ಳುತ್ತಿದ್ದವು; ಮೆಕ್ಯಾನಿಕ್ ಸ್ಕ್ರೂ ತಿರುಗಿಸುತ್ತ ಕಿವಿಗೊಟ್ಟು ಟ್ಯೂನಿಂಗ್ ಮಾಡುತ್ತಿದ್ದ. ವಿದ್ಯುನ್ಮಾನ ಇಂಜೆಕ್ಷನ್ ದೊಡ್ಡ ಸಂಖ್ಯೆಯ ಕಾರುಗಳಿಗೆ ಬಂದದ್ದು 1967ರಲ್ಲಿ, ಜರ್ಮನಿಯ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600ರಲ್ಲಿ ಕೂತಾಗ. ಅದು ಮ್ಯಾನಿಫೋಲ್ಡಿನ ಒತ್ತಡ ಅಳೆದು ಪೆಟ್ರೋಲಿನ ಲೆಕ್ಕ ಹಾಕುತ್ತಿತ್ತು. 1974ರ ಎಲ್-ಜೆಟ್ರಾನಿಕ್ ಒಳಬರುವ ಗಾಳಿಯನ್ನೇ ಅಳೆಯಿತು. 1976ರಲ್ಲಿ ಅಮೆರಿಕದ ಹೊಗೆ ನಿಯಮಗಳಿಗೆ ಉತ್ತರವಾಗಿ ವೋಲ್ವೋ ಕಾರುಗಳಲ್ಲಿ ಆಮ್ಲಜನಕ ಸೆನ್ಸರ್ ಕಾಣಿಸಿಕೊಂಡಿತು. ಇಂಜೆಕ್ಷನ್ನನ್ನೂ ಕಿಡಿಯ ಸಮಯವನ್ನೂ ಒಂದೇ ಗಣಕದ ಕೈಗಿತ್ತ ಮೋಟ್ರಾನಿಕ್ 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನೊಂದಿಗೆ ಬಂತು.

ಭಾರತದಲ್ಲಿ ಈ ಬದಲಾವಣೆ ತಡವಾಗಿ ಶುರುವಾಯಿತು, ಆಮೇಲೆ ಒಮ್ಮೆಲೇ ವೇಗ ಹಿಡಿಯಿತು. 1983ರ ಕೊನೆಯಲ್ಲಿ ಬಂದ ಮಾರುತಿ 800 ಸುಮಾರು ಒಂದೂವರೆ ದಶಕ ಕಾರ್ಬ್ಯುರೇಟರಿನಲ್ಲೇ ಓಡಿತು. 1998ರಲ್ಲಿ ಹ್ಯುಂಡೈ ಸ್ಯಾಂಟ್ರೋ ಎಂಪಿಎಫ್‌ಐ ಎಂಬ ವಿದ್ಯುನ್ಮಾನ ಇಂಜೆಕ್ಷನ್ ಎಂಜಿನ್ನಿನೊಂದಿಗೇ ಮಾರುಕಟ್ಟೆಗಿಳಿಯಿತು. ಭಾರತ್ ಸ್ಟೇಜ್ (ಬಿಎಸ್) ಹೊಗೆ ನಿಯಮಗಳು ಬಿಗಿಯಾಗುತ್ತ ಹೋದಂತೆ ಉಳಿದವರಿಗೂ ಬೇರೆ ದಾರಿ ಉಳಿಯಲಿಲ್ಲ. ಇದಕ್ಕೆ ನೆಲ ಹದ ಮಾಡಿಕೊಟ್ಟದ್ದು ಸೀಸರಹಿತ ಪೆಟ್ರೋಲ್. ಸೀಸ ಆಮ್ಲಜನಕ ಸೆನ್ಸರಿಗೂ ಕ್ಯಾಟಲಿಟಿಕ್ ಕನ್ವರ್ಟರಿಗೂ ವಿಷ. ಅದು 2000ದ ಫೆಬ್ರುವರಿ ಹೊತ್ತಿಗೆ ದೇಶದ ಎಲ್ಲ ಬಂಕುಗಳಿಂದ ಹೊರಹೋಗಿತ್ತು.

ಕಾರೇ ತನ್ನ ದೋಷ ಹೇಳಿಕೊಳ್ಳುವ ಓಬಿಡಿ ವ್ಯವಸ್ಥೆಯ ಎರಡನೆಯ ಹಂತ ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್-4 ಕಾರುಗಳಿಗೆ ಓಬಿಡಿಯ ಮೊದಲ ಹಂತ 2010ರ ಏಪ್ರಿಲ್‌ನಿಂದ, ಎರಡನೆಯ ಹಂತ 2013ರ ಏಪ್ರಿಲ್‌ನಿಂದ ಅನ್ವಯಿಸಿತು. ಈ ಅಂತರ ಗ್ಯಾರೇಜಿನಲ್ಲಿ ಇಂದಿಗೂ ಕಾಡುತ್ತದೆ. 2004ರ ಕಾರೊಂದರಲ್ಲಿ ಸೆನ್ಸರ್‌ಗಳೆಲ್ಲ ಇರುತ್ತವೆ, ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನಿನ ಸಾಕೆಟ್ಟೂ ಇರಬಹುದು, ಆದರೂ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಅದರೊಡನೆ ಮಾತಾಡದೆ ಹೋಗಬಹುದು. ಆಗ ಕಂಪನಿಯ ಸ್ಕ್ಯಾನರ್ ಅಥವಾ ಆ ಬ್ರಾಂಡಿನ ಭಾಷೆ ಬಲ್ಲ ಸ್ಕ್ಯಾನರ್ ಬೇಕು.

ಪ್ರಮುಖ ಸೆನ್ಸರ್‌ಗಳು

ಕೂಲಂಟ್ ಉಷ್ಣತೆಯ ಸೆನ್ಸರ್ ನೋಡಲು ಚಿಕ್ಕದು, ಬೆಲೆಯೂ ಕಡಿಮೆ, ಆದರೆ ಮೈಲೇಜಿನ ಮೇಲೆ ಇದರ ಹಿಡಿತ ದೊಡ್ಡದು. ಇದರೊಳಗಿನ ಥರ್ಮಿಸ್ಟರ್ ಬಿಸಿಯಾದಷ್ಟೂ ರೋಧ ಇಳಿಯುತ್ತದೆ. ಬಹುತೇಕ ಕಾರುಗಳಲ್ಲಿ 20 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು. ಎಂಜಿನ್ ತಣ್ಣಗಿದೆಯೆಂದು ಇದು ಸುಳ್ಳು ಹೇಳಿದರೆ ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ. ಬಿಸಿಯಿದೆಯೆಂದರೆ ಮುಂಜಾನೆ ಸೆಲ್ಫ್ ಹೊಡೆದಷ್ಟೂ ಗಾಡಿ ಸ್ಟಾರ್ಟ್ ಆಗದು. ಹಳೆಯ ಅನೇಕ ಕಾರುಗಳಲ್ಲಿ ಮೀಟರ್ ಮುಳ್ಳಿಗೆ ಒಂದು ತಂತಿಯ ಬೇರೆ ಸೆನ್ಸರ್, ಇಸಿಯುಗೆ ಎರಡು ತಂತಿಯ ಬೇರೆ ಸೆನ್ಸರ್ ಇರುತ್ತವೆ. ಹಾಗಾಗಿ ಮುಳ್ಳು ಸರಿಯಾಗಿದ್ದ ಮಾತ್ರಕ್ಕೆ ಇಸಿಯುಗೆ ಸರಿಯಾದ ಅಳತೆ ಹೋಗುತ್ತಿದೆ ಎಂದಾಗದು.

ನಮ್ಮ ಗ್ಯಾರೇಜುಗಳ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ಎಂಜಿನ್ ಬಿಸಿಯಾಗುತ್ತಿದೆ ಎಂದು ದೂರು ಬಂದರೆ ಥರ್ಮೋಸ್ಟಾಟನ್ನೇ ಕಿತ್ತು ಎಸೆಯುವುದುಂಟು. ಬಳಿಕ ಎಂಜಿನ್ ಕೆಲಸದ ಉಷ್ಣತೆ ಮುಟ್ಟುವುದೇ ಇಲ್ಲ, ಇಸಿಯು ತಣ್ಣನೆಯ ಎಂಜಿನ್ನಿನ ಹದದಲ್ಲೇ ಪೆಟ್ರೋಲ್ ಕೊಡುತ್ತದೆ, ಮೈಲೇಜ್ ಬೀಳುತ್ತದೆ. ನಿಜ ಹೇಳುತ್ತಿರುವ ಸೆನ್ಸರ್ ಆಗ ಅಪರಾಧಿಯಾಗುತ್ತದೆ. ಓಬಿಡಿ-2 ಕಾರಿನಲ್ಲಿ ಪಿ0128 ಎಂಬ ಕೋಡ್ ಬಂದರೆ ಮೊದಲು ಥರ್ಮೋಸ್ಟಾಟ್ ಇದೆಯೇ ಎಂದು ನೋಡುವುದು ಒಳ್ಳೆಯದು.

ಗಾಳಿಯ ಲೆಕ್ಕಕ್ಕೆ ಎರಡು ದಾರಿಗಳಿವೆ. ಮ್ಯಾಪ್ ಸೆನ್ಸರ್ ಮ್ಯಾನಿಫೋಲ್ಡ್ ಒತ್ತಡ ಅಳೆಯುತ್ತದೆ. ಚಿಕ್ಕ ಮಾರುತಿಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಮ್ಯಾಫ್ ಸೆನ್ಸರ್ ಕಾದ ತಂತಿಯನ್ನು ಗಾಳಿ ಎಷ್ಟು ತಣಿಸುತ್ತದೆಂದು ನೋಡಿ ಗಾಳಿಯ ತೂಕ ತಿಳಿಯುತ್ತದೆ. ಮ್ಯಾಪ್ ಸೆನ್ಸರನ್ನು ಪರೀಕ್ಷಿಸುವಾಗ ಊರಿನ ಎತ್ತರ ಮರೆಯಬಾರದು. ಎಂಜಿನ್ ಆಫ್ ಇದ್ದು ಚಾವಿ ಮಾತ್ರ ಆನ್ ಮಾಡಿದಾಗ ಅದು ಸುತ್ತಲಿನ ವಾಯುಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು 101 ಕಿಲೋಪಾಸ್ಕಲ್ ಹತ್ತಿರ ಇದ್ದರೆ, 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ 91ರ ಸುಮಾರು, ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಕೈಪಿಡಿಯ 101ನ್ನು ಹಿಡಿದುಕೊಂಡು ಬೆಂಗಳೂರಿನಲ್ಲಿ ಕೂತವರಿಗೆ ಒಳ್ಳೆಯ ಸೆನ್ಸರೂ ಕೆಟ್ಟದ್ದಾಗಿ ಕಾಣುತ್ತದೆ. ಐಡ್ಲಿಂಗಿನಲ್ಲಿ ಬಿಸಿ ಎಂಜಿನ್ನಿಗೆ 30ರಿಂದ 40 ಕಿಲೋಪಾಸ್ಕಲ್ ಆರೋಗ್ಯದ ಲಕ್ಷಣ.

ಥ್ರಾಟಲ್ ಸ್ಥಾನದ ಸೆನ್ಸರ್ ರೇಡಿಯೋದ ವಾಲ್ಯೂಮ್ ಗುಂಡಿಯಂತೆ ಕೆಲಸ ಮಾಡುವ ಸರಳ ಸಾಧನ. ಪೆಡಲ್ ಬಿಟ್ಟಾಗ ಸುಮಾರು 0.5 ವೋಲ್ಟ್, ಪೂರ್ತಿ ಒತ್ತಿದಾಗ 4 ವೋಲ್ಟಿಗೂ ಮೇಲೆ. ಹೆಚ್ಚು ಬಳಕೆಯಾಗುವ ಆರಂಭದ ಭಾಗದಲ್ಲೇ ಇದರ ಪಟ್ಟಿ ಸವೆಯುತ್ತದೆ, ಆ ಜಾಗದಲ್ಲಿ ಗಾಡಿ ಜರ್ಕ್ ಹೊಡೆಯುತ್ತದೆ.

ಆಮ್ಲಜನಕ ಸೆನ್ಸರ್ ಈ ಕುಟುಂಬದಲ್ಲಿ ಹೆಚ್ಚು ಹೆಸರು ಕೆಡಿಸಿಕೊಂಡದ್ದು. ಸೈಲೆನ್ಸರ್ ದಾರಿಯಲ್ಲಿ ಕೂತ ಇದರ ಜಿರ್ಕೋನಿಯಾ ಬಿಲ್ಲೆ 300 ಡಿಗ್ರಿ ದಾಟಿದ ಮೇಲೆ, ಒಂದು ಬದಿಯ ಹೊಗೆ ಮತ್ತು ಇನ್ನೊಂದು ಬದಿಯ ಹೊರಗಾಳಿಗಳ ಆಮ್ಲಜನಕ ವ್ಯತ್ಯಾಸದಿಂದ ವೋಲ್ಟೇಜ್ ಹುಟ್ಟಿಸುತ್ತದೆ. ಪೆಟ್ರೋಲ್ ಹೆಚ್ಚಾದರೆ 0.9 ವೋಲ್ಟಿನವರೆಗೆ, ಕಡಿಮೆಯಾದರೆ 0.1ರ ಹತ್ತಿರ, ಸರಿ ಹದದ ಗೆರೆ 0.45. ಆ ಹದ ಅಪ್ಪಟ ಪೆಟ್ರೋಲಿಗೆ 14.7 ಪಾಲು ಗಾಳಿಗೆ ಒಂದು ಪಾಲು. ಬಿಸಿ ಎಂಜಿನ್ನಿನಲ್ಲಿ ವೋಲ್ಟೇಜ್ ಈ ಗೆರೆಯ ಆಚೀಚೆ ನಿಲ್ಲದೆ ಜೀಕುತ್ತಿರಬೇಕು. ಒಂದೇ ಕಡೆ ಅಂಟಿಕೊಂಡರೆ ಎರಡು ಅರ್ಥ ಸಾಧ್ಯ: ಸೆನ್ಸರ್ ಸತ್ತಿದೆ, ಇಲ್ಲವೇ ಹದ ನಿಜವಾಗಿಯೂ ತಪ್ಪಿದೆ. ಎರಡನೆಯದನ್ನು ಪರಿಶೀಲಿಸದೆ ಸೆನ್ಸರ್ ಬದಲಿಸಿದರೆ ಹೊಸ ಸೆನ್ಸರೂ ಅದೇ ವರದಿ ಒಪ್ಪಿಸುತ್ತದೆ.

ಎಥನಾಲ್ ಬೆರಕೆಯಿಂದ ಹಳೆಯ ಕಾರುಗಳಿಗೆ ಇನ್ನೊಂದು ತೊಡಕು ಸೇರಿದೆ. 20 ಶೇಕಡಾ ಎಥನಾಲ್ ಇರುವ ಪೆಟ್ರೋಲಿಗೆ ಸರಿ ಹದ ಸುಮಾರು 13.5ಕ್ಕೆ ಇಳಿಯುತ್ತದೆ. ಆಮ್ಲಜನಕ ಸೆನ್ಸರ್ ಇದನ್ನು ಗಮನಿಸಿ ಪೆಟ್ರೋಲ್ ಹೆಚ್ಚಿಸುವಂತೆ ಇಸಿಯುಗೆ ಸೂಚಿಸುತ್ತದೆ, ಫ್ಯೂಯಲ್ ಟ್ರಿಮ್ ಎಂಬ ತಿದ್ದುಪಡಿಯ ಅಂಕಿ ಕೆಲವು ಶೇಕಡಾ ಮೇಲೇರಿಯೇ ನಿಲ್ಲುತ್ತದೆ. ಇದನ್ನು ದೋಷವೆಂದು ಓದಬಾರದು. ಆದರೆ ಮೊದಲೇ ಸಣ್ಣ ಏರ್ ಲೀಕ್ ಇದ್ದ ಕಾರಿನಲ್ಲಿ ಇವೆರಡೂ ಕೂಡಿ ಚೆಕ್ ಎಂಜಿನ್ ದೀಪ ಹೊತ್ತಿಸಬಲ್ಲವು.

ಕ್ರ್ಯಾಂಕ್ ಸೆನ್ಸರ್ ಕೆಟ್ಟರೆ ಮಾತ್ರ ಮನೆಗೆ ಮುಟ್ಟುವ ಭರವಸೆಯಿಲ್ಲ. ಹಲ್ಲುಗಳಿರುವ ಚಕ್ರ ಇದರೆದುರು ತಿರುಗುತ್ತದೆ. ಬಾಷ್ ವ್ಯವಸ್ಥೆಗಳಲ್ಲಿ 60 ಹಲ್ಲಿನ ಜಾಗದಲ್ಲಿ ಎರಡನ್ನು ಬಿಟ್ಟಿರುವುದರಿಂದ ಆ ಖಾಲಿ ಜಾಗವೇ ಪಿಸ್ಟನ್ ಎಲ್ಲಿದೆಯೆಂಬುದಕ್ಕೆ ಗುರುತು. ಕೆಲವು ಸೆನ್ಸರ್‌ಗಳು ಸುರುಳಿ ಮತ್ತು ಅಯಸ್ಕಾಂತದವು, ಕೆಲವು ಎಡ್ವಿನ್ ಹಾಲ್ 1879ರಲ್ಲಿ ಗುರುತಿಸಿದ ಪರಿಣಾಮವನ್ನು ಬಳಸುವಂಥವು. ಸುರುಳಿಯೊಳಗಿನ ಕೂದಲೆಳೆಯಂಥ ತಂತಿ ಬಿರುಕು ಬಿಟ್ಟರೆ ಬಿಸಿಯಲ್ಲಿ ಹಿಗ್ಗಿ ಸಂಪರ್ಕ ಕಡಿಯುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಹೆದ್ದಾರಿಯಲ್ಲಿ ಗಾಡಿ ತಟ್ಟನೆ ನಿಂತು, ಅರ್ಧ ಗಂಟೆ ಬಿಟ್ಟು ಏನೂ ಆಗದಂತೆ ಸ್ಟಾರ್ಟ್ ಆದರೆ ಅನುಮಾನ ಮೊದಲು ಇಲ್ಲಿಗೆ, ಬಳಿಕ ಪೆಟ್ರೋಲ್ ಪಂಪಿಗೆ ಹೋಗಬೇಕು.

ಕ್ಯಾಮ್ ಸೆನ್ಸರ್ ಕೆಟ್ಟರೆ ಅನೇಕ ಕಾರುಗಳು ತಡವಾಗಿ ಸ್ಟಾರ್ಟ್ ಆದರೂ ಓಡುತ್ತವೆ. ನಾಕ್ ಸೆನ್ಸರ್ ಎಂಜಿನ್ನಿನ ಬಡಿತವನ್ನು ಪೀಝೋ ಹರಳಿನಿಂದ ಆಲಿಸುತ್ತದೆ. ಅದು ಕೆಟ್ಟರೆ ಇಸಿಯು ಕಿಡಿಯನ್ನು ತಡ ಮಾಡಿ ಸುರಕ್ಷಿತವಾಗಿರುತ್ತದೆ, ಚಾಲಕನಿಗೆ ಘಾಟಿಯಲ್ಲಿ ಎಳೆತ ಕಡಿಮೆಯೆನಿಸುತ್ತದೆ.

ದೋಷಪತ್ತೆ

ಚೆಕ್ ಎಂಜಿನ್ ದೀಪ ಚಾವಿ ಆನ್ ಮಾಡಿದಾಗ ಹೊತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಚಾವಿ ಆನ್ ಮಾಡಿದಾಗಲೂ ಹೊತ್ತದಿದ್ದರೆ ಬಲ್ಬ್ ಹೋಗಿದೆ, ಅಥವಾ ಮಾರುವ ಮುನ್ನ ಯಾರೋ ತೆಗೆದಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇಷ್ಟು ಗೊತ್ತಿದ್ದರೆ ಅನುಕೂಲ.

ಓಬಿಡಿ-2ಕ್ಕೆ ಮುಂಚಿನ ಹಲವು ಕಾರುಗಳಲ್ಲಿ ನಿಗದಿತ ಎರಡು ತುದಿಗಳನ್ನು ಚಿಕ್ಕ ತಂತಿಯಿಂದ ಜೋಡಿಸಿದರೆ ಇದೇ ದೀಪ ಮಿಟುಕಿ ಅಂಕಿ ಹೇಳುತ್ತದೆ. ಸುಜುಕಿ ವ್ಯವಸ್ಥೆಯಲ್ಲಿ ಒಂದು ಮಿಟುಕು, ಬಿಡುವು, ಮತ್ತೆ ಎರಡು ಮಿಟುಕು ಬಂದರೆ 12. ಅಂದರೆ ದಾಖಲಾದ ದೋಷವಿಲ್ಲ. ಯಾವ ತುದಿಗಳೆಂಬುದನ್ನು ಆಯಾ ಮಾದರಿಯ ಕೈಪಿಡಿಯಲ್ಲೇ ನೋಡಬೇಕು; ಊಹಿಸಿ ಜೋಡಿಸಿದರೆ ಇಸಿಯು ಸುಡುವ ಅಪಾಯವಿದೆ. ಓಬಿಡಿ-2 ಕಾರಿನಲ್ಲಿ ಸ್ಕ್ಯಾನರ್ ಪಿ ಅಕ್ಷರದಿಂದ ಶುರುವಾಗುವ ಕೋಡ್ ಕೊಡುತ್ತದೆ. ಪಿ0118 ಕೂಲಂಟ್ ಸೆನ್ಸರಿನ ಸಂಕೇತ ಅತಿ ಹೆಚ್ಚು, ಪಿ0122 ಥ್ರಾಟಲ್ ಸೆನ್ಸರಿನ ಸಂಕೇತ ಅತಿ ಕಡಿಮೆ, ಪಿ0135 ಆಮ್ಲಜನಕ ಸೆನ್ಸರಿನ ಹೀಟರ್ ಸರ್ಕ್ಯೂಟ್, ಪಿ0171 ಪೆಟ್ರೋಲ್ ಸಾಲದ ಹದ, ಪಿ0335 ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಇವುಗಳಲ್ಲಿ ಒಂದೂ ‘ಈ ಸೆನ್ಸರ್ ಬದಲಿಸಿ’ ಎನ್ನುವುದಿಲ್ಲ. ಇಸಿಯುಗೆ ಕಾಣುವುದು ತನ್ನ ಪಿನ್ನಿಗೆ ಬಂದ ವೋಲ್ಟೇಜ್ ಮಾತ್ರ. ಆ ಪಿನ್ನಿಗೂ ಸೆನ್ಸರಿಗೂ ನಡುವೆ ಎರಡು ಕಪ್ಲರ್, ಒಂದೆರಡು ಮೀಟರ್ ತಂತಿ, ಒಂದು ಅರ್ಥ್ ಇರುತ್ತವೆ. ಪಿ0171 ಬಂದಾಗಲಂತೂ ಆಮ್ಲಜನಕ ಸೆನ್ಸರ್ ತನ್ನ ಕೆಲಸ ಮಾಡಿ ದೂರು ಕೊಟ್ಟಿರುವ ಸಂಭವವೇ ಹೆಚ್ಚು. ದೂರು ಕೊಟ್ಟವನನ್ನೇ ಬಂಧಿಸುವ ಈ ಪದ್ಧತಿಗೆ ಗ್ರಾಹಕ ಸಾವಿರಗಟ್ಟಲೆ ರೂಪಾಯಿ ತೆರುತ್ತಾನೆ.

ಹಾಗಾಗಿ ಕೋಡ್ ಬರೆದಿಟ್ಟುಕೊಂಡ ಮೇಲೆ ಮೊದಲ ಕೆಲಸ ಬಾನೆಟ್ ಎತ್ತಿ ಕಣ್ಣಿನಿಂದ ನೋಡುವುದು. ಮಳೆಗಾಲದಲ್ಲಿ ಬೆಚ್ಚನೆಯ ಜಾಗ ಹುಡುಕಿ ಬರುವ ಇಲಿ ತಂತಿ ಕಡಿಯುವುದು ಮಲೆನಾಡಿನಲ್ಲಿ ಮಾತ್ರವಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲೂ ನಡೆಯುತ್ತದೆ. ಕರಾವಳಿಯ ಕಾರುಗಳಲ್ಲಿ ಕಪ್ಲರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣುವುದು ಸಾಮಾನ್ಯ. ಏರ್ ಫಿಲ್ಟರಿನಿಂದ ಥ್ರಾಟಲಿನವರೆಗಿನ ರಬ್ಬರ್ ಕೊಳವೆಯನ್ನು ಕೈಯಲ್ಲಿ ಬಗ್ಗಿಸಿ ನೋಡಬೇಕು. ಬಿರುಕು ಮಡಿಕೆಯೊಳಗೆ ಅಡಗಿರುತ್ತದೆ. ಬ್ಯಾಟರಿಯಿಂದ ಎಂಜಿನ್ನಿಗೆ ಬರುವ ಅರ್ಥ್ ಪಟ್ಟಿಯನ್ನು ಪರೀಕ್ಷಿಸಲು ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ, ಸೆನ್ಸರಿನ ಅರ್ಥ್ ತಂತಿಗೂ ಬ್ಯಾಟರಿಯ ಮೈನಸ್ಸಿಗೂ ನಡುವಿನ ವೋಲ್ಟೇಜ್ ಅಳೆಯಬೇಕು. 0.1 ವೋಲ್ಟಿಗಿಂತ ಹೆಚ್ಚಿದ್ದರೆ ಸೆನ್ಸರ್ ಎಷ್ಟೇ ಒಳ್ಳೆಯದಿರಲಿ, ವರದಿ ಸುಳ್ಳಾಗುತ್ತದೆ.

ತಂತಿಯೋ ಸೆನ್ಸರೋ ಎಂಬ ಪ್ರಶ್ನೆಗೆ ಕೂಲಂಟ್ ಸೆನ್ಸರಿನಲ್ಲಿ ಒಂದು ಸೊಗಸಾದ ಉತ್ತರವಿದೆ. ಸ್ಕ್ಯಾನರ್ ಹಾಕಿ ಉಷ್ಣತೆ ನೋಡುತ್ತ ಕಪ್ಲರ್ ಬಿಚ್ಚಿದರೆ ಅಂಕಿ ಮೈನಸ್ 40ರ ಹತ್ತಿರ ಇಳಿಯಬೇಕು. ಕಪ್ಲರಿನ ಎರಡು ಪಿನ್ನುಗಳನ್ನು ತಂತಿಯಿಂದ ಜೋಡಿಸಿದರೆ 120 ದಾಟಿ ಮೇಲೇರಬೇಕು. ಎರಡೂ ಆದರೆ ತಂತಿ, ಅರ್ಥ್, ಇಸಿಯು ಮೂರೂ ಸರಿ, ತಪ್ಪು ಸೆನ್ಸರಿನದೇ. ಆಗದಿದ್ದರೆ ಹೊಸ ಸೆನ್ಸರ್ ತರುವುದು ವ್ಯರ್ಥ. ಕೆಲವು ಕಾರುಗಳು ಕೋಡ್ ಬಿದ್ದ ಕೂಡಲೇ ನಿಜವಾದ ಅಂಕಿಯ ಬದಲು ಒಂದು ಊಹೆಯ ಅಂಕಿ ತೋರಿಸುತ್ತವೆ, ಅದನ್ನು ನೆನಪಿಡಬೇಕು. ಈ ಜೋಡಿಸುವ ವಿದ್ಯೆಯನ್ನು ಮೂರು ತಂತಿಯ ಸೆನ್ಸರುಗಳ ಮೇಲೆ ಕಣ್ಣುಮುಚ್ಚಿ ಪ್ರಯೋಗಿಸಬಾರದು. ಅಲ್ಲಿ 5 ವೋಲ್ಟಿನ ತಂತಿ, ಅರ್ಥ್ ತಂತಿ, ಸಂಕೇತದ ತಂತಿ ಮೂರನ್ನೂ ಮಲ್ಟಿಮೀಟರಿನಿಂದ ಬೇರೆ ಬೇರೆ ಅಳೆಯಬೇಕು. ತಂತಿಯ ಹೊದಿಕೆಗೆ ಗುಂಡುಪಿನ್ ಚುಚ್ಚಿ ಅಳೆಯುವ ಅಭ್ಯಾಸ ಕೆಟ್ಟದ್ದು. ಆ ತೂತಿನಿಂದ ನೀರಿಳಿದು ಮುಂದಿನ ಮಳೆಗಾಲಕ್ಕೆ ಹೊಸ ದೋಷ ಹುಟ್ಟುತ್ತದೆ. ಕಪ್ಲರಿನ ಹಿಂಬದಿಯಿಂದ ಸಣ್ಣ ಪಿನ್ ಜಾರಿಸಿ ಅಳೆಯುವುದು ಸರಿಯಾದ ಕ್ರಮ.

ಆಮ್ಲಜನಕ ಸೆನ್ಸರ್ ಜೀವಂತವಿದೆಯೇ ಎಂದು ತಿಳಿಯಲು ಎಂಜಿನ್ ಚೆನ್ನಾಗಿ ಕಾದ ಮೇಲೆ ಒಮ್ಮೆ ಆಕ್ಸಿಲರೇಟರ್ ಜೋರಾಗಿ ಒತ್ತಬೇಕು, ವೋಲ್ಟೇಜ್ 0.8ರ ಮೇಲೆ ಜಿಗಿಯಬೇಕು. ಒತ್ತಿದ ಪೆಡಲ್ ತಟ್ಟನೆ ಬಿಟ್ಟರೆ 0.2ರ ಕೆಳಗಿಳಿಯಬೇಕು. ಎರಡೂ ಚುರುಕಾಗಿ ಆದರೆ ಸೆನ್ಸರನ್ನು ಅದರ ಪಾಡಿಗೆ ಬಿಟ್ಟು ಲೀಕ್, ಇಂಜೆಕ್ಟರ್, ಪೆಟ್ರೋಲ್ ಒತ್ತಡಗಳ ಕಡೆ ಹೋಗಬೇಕು.

ಸ್ಕ್ಯಾನರಿನಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು ಫ್ಯೂಯಲ್ ಟ್ರಿಮ್. ಇಸಿಯು ತನ್ನ ಮೂಲ ಲೆಕ್ಕಕ್ಕೆ ಎಷ್ಟು ಶೇಕಡಾ ಪೆಟ್ರೋಲ್ ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಎಂದು ಅದು ಹೇಳುತ್ತದೆ. 5 ಶೇಕಡಾದ ಆಚೀಚೆ ಸಹಜ. 15 ದಾಟಿದರೆ ಎಲ್ಲೋ ತೊಂದರೆ. ಮ್ಯಾಫ್ ಇರುವ ಕಾರಿನಲ್ಲಿ ಐಡ್ಲಿಂಗಿನಲ್ಲಿ ಟ್ರಿಮ್ ಹೆಚ್ಚಿದ್ದು 2500 ಆರ್‌ಪಿಎಂನಲ್ಲಿ ಇಳಿದರೆ ಮ್ಯಾನಿಫೋಲ್ಡಿಗೆ ಕಳ್ಳಗಾಳಿ ನುಗ್ಗುತ್ತಿದೆ. ವೇಗ ಹೆಚ್ಚಿದಂತೆ ಟ್ರಿಮ್ಮೂ ಏರಿದರೆ ಮ್ಯಾಫ್ ತಂತಿಗೆ ಧೂಳು ಕೂತಿದೆ ಅಥವಾ ಪೆಟ್ರೋಲ್ ಪಂಪ್ ಸೋತಿದೆ. ಮ್ಯಾಪ್ ಕಾರಿನಲ್ಲಿ ಇದೇ ತರ್ಕ ನಡೆಯದು. ಅಲ್ಲಿ ಕಳ್ಳಗಾಳಿ ಒತ್ತಡವನ್ನೂ ಏರಿಸುವುದರಿಂದ ಇಸಿಯು ಅದಕ್ಕೂ ಪೆಟ್ರೋಲ್ ಕೊಟ್ಟುಬಿಡುತ್ತದೆ. ಟ್ರಿಮ್ ಹೆಚ್ಚು ಕದಲದೆ ಐಡ್ಲಿಂಗ್ ಮಾತ್ರ ಏರುತ್ತದೆ.

ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಕೂಡಿಸಿದ ಹಳೆಯ ಕಾರಿನಲ್ಲಿ ಇನ್ನಷ್ಟು ಎಚ್ಚರ ಬೇಕು. ಗ್ಯಾಸಿನಲ್ಲಿ ಓಡುವಾಗ ಇಸಿಯು ಗಲಿಬಿಲಿಗೊಳ್ಳದಿರಲೆಂದು ಆಮ್ಲಜನಕ ಸೆನ್ಸರಿನ ಬದಲಿಗೆ ಕೃತಕ ಸಂಕೇತ ಕೊಡುವ ಎಮ್ಯುಲೇಟರ್ ಹಾಕಿರುತ್ತಾರೆ. ಅದೇ ಕೆಟ್ಟರೆ ಪೆಟ್ರೋಲಿನಲ್ಲೂ ಸೆನ್ಸರ್ ಸತ್ತಂತೆ ಕಾಣುತ್ತದೆ.

ಬದಲಾವಣೆ

ಸೆನ್ಸರ್ ಕೊಳ್ಳುವಾಗ ಕಾರಿನ ಹೆಸರಿಗಿಂತ ಹಳೆಯ ಸೆನ್ಸರಿನ ಮೈಮೇಲಿನ ಪಾರ್ಟ್ ನಂಬರ್ ನಂಬಬೇಕು. ಒಂದೇ ಮಾದರಿ ಎರಡು ವರ್ಷಗಳಲ್ಲಿ ಎರಡು ಬಗೆಯದನ್ನು ಬಳಸಿರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಾಷ್, ಡೆನ್ಸೋ, ಎನ್‌ಟಿಕೆ ಡಬ್ಬಿಗಳು ಸಿಗುತ್ತವೆ, ಅವುಗಳಂತೆಯೇ ಕಾಣುವ ಡೂಪ್ಲಿಕೇಟ್‌ಗಳೂ ಸಿಗಬಹುದು. ತಯಾರಿಕೆ ನಿಂತ ಕಾರುಗಳಿಗೆ ಶಿವಾಜಿನಗರದ ಗುಜರಿಯೂ ಒಂದು ದಾರಿ. ಮ್ಯಾಪ್, ಮ್ಯಾಫ್‌ಗಳಲ್ಲಿ ಅಗ್ಗದ ಹೊಸ ಡೂಪ್ಲಿಕೇಟಿಗಿಂತ ಗುಜರಿಯ ಒರಿಜಿನಲ್ ಮೇಲು. ಆಮ್ಲಜನಕ ಸೆನ್ಸರ್ ಮಾತ್ರ ಸವೆಯುವ ವಸ್ತು. ಅದನ್ನು ಗುಜರಿಯಲ್ಲಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಇನ್ನು ಪ್ರತಿ ಸಲವೂ ಸೆನ್ಸರ್ ಬದಲಿಸಲೇಬೇಕೆಂದೂ ಇಲ್ಲ. ಮ್ಯಾಫ್ ತಂತಿಯನ್ನು ಅದಕ್ಕೆಂದೇ ಇರುವ ಸ್ಪ್ರೇಯಿಂದ ತೊಳೆದರೆ, ಮ್ಯಾಪ್ ಸೆನ್ಸರಿನ ಬಾಯಿಗೆ ಕಟ್ಟಿದ ಮಸಿ ತೆಗೆದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮ್ಯಾಫ್‌ಗೆ ಕಾರ್ಬ್ಯುರೇಟರ್ ಕ್ಲೀನರ್ ಹೊಡೆಯಬಾರದು.

ಆಮ್ಲಜನಕ ಸೆನ್ಸರ್ ಬಿಚ್ಚುವುದು ಶಕ್ತಿಗಿಂತ ತಾಳ್ಮೆ ಕೇಳುವ ಕೆಲಸ. ವರ್ಷಗಟ್ಟಲೆ ಬೆಂಕಿಯಲ್ಲಿ ಕಾದ ಥ್ರೆಡ್ ಹಿಡಿದುಕೊಂಡಿರುತ್ತದೆ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಎಂಜಿನ್ ಕೊಂಚ ಬೆಚ್ಚಗಿರುವಾಗ, ತಂತಿ ಹಾಯಲು ಸೀಳಿರುವ 22 ಎಂಎಂ ಸಾಕೆಟ್ಟಿನಿಂದ ತಿರುಗಿಸಬೇಕು. ಕಿತ್ತು ಬಂದದ್ದರ ತುದಿಯೂ ಮಾತಾಡುತ್ತದೆ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಬಿಳಿ ಪುಡಿ ಇದ್ದರೆ ಸಿಲಿಕೋನ್ ಸೀಲೆಂಟ್ ಅಥವಾ ಹೆಡ್ ಗ್ಯಾಸ್ಕೆಟ್ ದಾಟಿದ ಕೂಲಂಟ್ ಸೆನ್ಸರನ್ನು ಕೊಂದಿದೆ, ಆ ಮೂಲ ಕಾರಣ ಸರಿಯಾಗದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ಹೊಸದರ ಥ್ರೆಡ್ಡಿಗೆ ಮಾತ್ರ ಆಂಟಿ-ಸೀಜ್ ಹಚ್ಚಬೇಕು, ತುದಿಗೆ ತಾಗಬಾರದು. ಬಿಗಿತ ಸುಮಾರು 40 ನ್ಯೂಟನ್ ಮೀಟರ್. ಹಳೆಯ ಕಪ್ಲರ್ ಉಳಿಸಿಕೊಂಡು ತಂತಿ ಜೋಡಿಸುವ ನಾಲ್ಕು ತಂತಿಯ ಸೆನ್ಸರಿನಲ್ಲಿ ಸಾಮಾನ್ಯವಾಗಿ ಬಿಳಿ ಎರಡು ಹೀಟರಿನವು, ಕಪ್ಪು ಸಂಕೇತದ್ದು, ಬೂದು ಅರ್ಥ್. ಅಲ್ಲಿ ಬೆಸುಗೆ ಹಾಕದೆ ಕ್ರಿಂಪ್ ಮಾಡಬೇಕು. ಅನೇಕ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ತಂತಿಯ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ, ಬೆಸುಗೆ ಆ ದಾರಿ ಮುಚ್ಚುತ್ತದೆ.

ಕೂಲಂಟ್ ಸೆನ್ಸರನ್ನು ತಣ್ಣನೆಯ ಎಂಜಿನ್ನಿನಲ್ಲೇ ಬಿಚ್ಚಬೇಕು; ಬಿಸಿಯಲ್ಲಿ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ. ಹಾಕಿದ ಮೇಲೆ ಒಳಗೆ ಸೇರಿದ ಗಾಳಿ ಹೊರಬಿಡದಿದ್ದರೆ ಸೆನ್ಸರ್ ನೀರಿನ ಬದಲು ಗಾಳಿಗುಳ್ಳೆಯ ಬಿಸಿಯನ್ನು ಅಳೆಯುತ್ತದೆ. ಕ್ರ್ಯಾಂಕ್ ಸೆನ್ಸರ್ ಕೂಡಿಸುವಾಗ ಕೂರುವ ಜಾಗ ಒರೆಸಿ, ಹಲ್ಲಿಗೂ ಸೆನ್ಸರಿಗೂ ನಡುವಿನ ಸಂದು ಕೈಪಿಡಿಯಲ್ಲಿರುವಷ್ಟೇ ಇದೆಯೆಂದು ನೋಡಬೇಕು. ಬಹುತೇಕ ಅದು ಒಂದು ಮಿಲಿಮೀಟರಿನ ಆಸುಪಾಸು. ನಾಕ್ ಸೆನ್ಸರಿನ ಬೋಲ್ಟಿಗೆ ಸುಮಾರು 20 ನ್ಯೂಟನ್ ಮೀಟರ್ ಬಿಗಿತವೇ ಬೇಕು, ವಾಷರ್ ಹಾಕಬಾರದು. ಹೆಚ್ಚು ಕಡಿಮೆಯಾದರೆ ಅದರ ಕಿವಿ ಮಂದವಾಗುತ್ತದೆ. ಉದ್ದ ತೂತಿರುವ ಥ್ರಾಟಲ್ ಸೆನ್ಸರನ್ನು ಮುಚ್ಚಿದ ಸ್ಥಾನದ ವೋಲ್ಟೇಜ್ ನೋಡಿಕೊಂಡೇ ಬಿಗಿಮಾಡಬೇಕು.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿದರೆ ಇಸಿಯು ಕಲಿತಿಟ್ಟ ತಿದ್ದುಪಡಿಗಳೂ ಹೋಗುತ್ತವೆ. ಒಂದೆರಡು ದಿನ ಐಡ್ಲಿಂಗ್ ಅಸ್ಥಿರವಾಗಿದ್ದರೆ ಗಾಬರಿ ಬೇಡ. ಓಬಿಡಿ-2 ಕಾರಿನಲ್ಲಿ ಸ್ವಪರೀಕ್ಷೆಗಳು ಪೂರ್ತಿಯಾಗಲು ತಣ್ಣನೆಯ ಸ್ಟಾರ್ಟ್, ಊರೊಳಗಿನ ನಿಲ್ಲುತ್ತ ಸಾಗುವ ಓಡಾಟ, ಹೆದ್ದಾರಿಯ ಸಮವೇಗ ಮೂರೂ ಬೇಕು. ಸ್ವಪರೀಕ್ಷೆ ಇಲ್ಲದ ಹಳೆಯ ಕಾರುಗಳಿಗೆ ಹೊಗೆ ಪರೀಕ್ಷಿಸುವ ಪಿಯುಸಿ ಕೇಂದ್ರದ ಯಂತ್ರವೇ ಸಾಕ್ಷಿ. ಎಂಜಿನ್ ಚೆನ್ನಾಗಿ ಕಾದ ಮೇಲೆ ದುರಸ್ತಿಗೆ ಮುಂಚಿನ ಮತ್ತು ನಂತರದ ಎರಡು ಚೀಟಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅಂಕಿಯನ್ನು ಹೋಲಿಸಿದರೆ, ಹಾಕಿದ ಸೆನ್ಸರ್ ನಿಜಕ್ಕೂ ಹದ ತಂದಿದೆಯೇ ಎಂದು ಗೊತ್ತಾಗುತ್ತದೆ.